ಐವತ್ತು ವರ್ಷದ ಮೇಲೆ ಸಹಪಾಠಿಗಳ ಕೂಟ: ದಸರೆ ಕಳೆದ ಮೇಲೆ ಮೈಸೂರಿನಲ್ಲಿ ದಂಪತಿ ಸಮೇತ ಸೇರುವ ಬಗೆ

ಸಹಪಾಠಿಗಳ ಕೂಟದಲ್ಲಿ ಎಲ್ಲರಿಗಿಂತ ಮೊದಲು ದಣಿಯುವವರು ಜೊತೆಗೆ ಬಂದ ಹೆಂಡತಿಯೋ ಗಂಡನೋ. ಹಾಸ್ಟೆಲಿನ ಅಡ್ಡಹೆಸರು, ಮೇಷ್ಟ್ರ ಅನುಕರಣೆ, ಪರೀಕ್ಷೆಯ ಹಿಂದಿನ ರಾತ್ರಿಯ ಕಥೆ ಶುರುವಾದ ಹತ್ತು ನಿಮಿಷಕ್ಕೆ ಅವರ ಕೈ ಮೊಬೈಲಿಗೆ ಹೋಗುತ್ತದೆ. ಮೂವತ್ತೈದರ ವಯಸ್ಸಿನಲ್ಲಿ ಅದನ್ನು ಹೇಗೋ ಸಹಿಸಿಕೊಂಡಾರು. ಎಪ್ಪತ್ತು ದಾಟಿದ ಮೇಲೆ ಹೊರಡಬೇಕೋ ಬೇಡವೋ ಎಂಬುದನ್ನು ಮನೆಯಲ್ಲಿ ಇಬ್ಬರೂ ಕೂತು ತೀರ್ಮಾನಿಸುತ್ತಾರೆ. ಮಾತ್ರೆ ಡಬ್ಬಿ ನೆನಪಿಡುವವರು, ಮೆಟ್ಟಿಲಲ್ಲಿ ಕೈ ಹಿಡಿಯುವವರು ಆ ಜೊತೆಗಾರರೇ. ಅದಕ್ಕೇ ಈ ಮಾರ್ಗದರ್ಶಿಯನ್ನು ಅವರ ಕುರ್ಚಿಯಲ್ಲಿ ಕೂತು ನೋಡಿದ ಹಾಗೆ ಬರೆದಿದ್ದೇವೆ.

ಉದಾಹರಣೆಗೆ ಹಿಡಿದದ್ದು 1971ರಲ್ಲಿ ಎಂಜಿನಿಯರಿಂಗ್ ಸೇರಿ 1976ರಲ್ಲಿ ಹೊರಬಿದ್ದ ಮೈಸೂರಿನ ಒಂದು ಬ್ಯಾಚನ್ನು. ಸುಮಾರು ಮೂವತ್ತು ದಂಪತಿ, ಎರಡು ರಾತ್ರಿ. ನಿಮ್ಮದು ಧಾರವಾಡವೋ ಸುರತ್ಕಲ್ಲೋ ಆಗಿದ್ದರೆ ಊರಿಗೆ ತಕ್ಕಂತೆ ಬದಲಿಸಿಕೊಳ್ಳಿ.

ಎಂಟು ತಿಂಗಳ ಮುಂಚೆ: ದಿನ ಗೊತ್ತುಮಾಡುವುದು

ಶರದೃತುವಿನಲ್ಲಿ ಕೂಟ ಇಡುವುದು ಒಳ್ಳೆಯದು. ಸೆಖೆ ಇರುವುದಿಲ್ಲ, ಮೈ ನಡುಗಿಸುವ ಚಳಿಯೂ ಇನ್ನೂ ಬಂದಿರುವುದಿಲ್ಲ. ಆದರೆ ಪಂಚಾಂಗ ನೋಡದೆ ದಿನ ಹೇಳಬೇಡಿ. ಭಾದ್ರಪದದ ಪಿತೃಪಕ್ಷದಲ್ಲಿ ಬೇಡ. ಈ ವಯಸ್ಸಿನವರಿಗೆ ಮನೆಯಲ್ಲಿ ತಿಥಿ ಇರುತ್ತದೆ. ನವರಾತ್ರಿಯಲ್ಲಿ ಮೈಸೂರಿನ ಕೋಣೆಗಳ ಬಾಡಿಗೆ ಏರಿರುತ್ತದೆ, ಪೇಟೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಮನೆಯಲ್ಲಿ ಗೊಂಬೆ ಕೂರಿಸಿದವರು ಬರುವುದೂ ಇಲ್ಲ. ಉತ್ಥಾನ ದ್ವಾದಶಿ ಕಳೆದರೆ ಮದುವೆಗಳು ಶುರು. ಛತ್ರಗಳು ಸಿಗುವುದಿಲ್ಲ, ಸಿಕ್ಕರೂ ಅರ್ಧ ಜನಕ್ಕೆ ಅದೇ ದಿನ ಇನ್ನೊಂದು ಕರೆಯೋಲೆ.

ಉಳಿಯುವುದು ಎರಡು ಕಿಂಡಿ. ವಿಜಯದಶಮಿಯಿಂದ ದೀಪಾವಳಿಯವರೆಗಿನ ಎರಡೂವರೆ ವಾರ ಒಂದು. ಬಲಿಪಾಡ್ಯಮಿಯಿಂದ ಉತ್ಥಾನ ದ್ವಾದಶಿಯವರೆಗಿನ ಹತ್ತು ದಿನ ಇನ್ನೊಂದು. ನಮ್ಮ ಆಯ್ಕೆ ಎರಡನೆಯದು. ಹಬ್ಬದ ಓಡಾಟ ಮುಗಿದಿರುತ್ತದೆ, ಛತ್ರಗಳು ಖಾಲಿ ಇರುತ್ತವೆ. ಏಕಾದಶಿ ಮಾತ್ರ ತಪ್ಪಿಸಿ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಈ ದಿನಗಳಲ್ಲೂ ಮೂರು ದಿನ ಜಿಟಿಜಿಟಿ ಹಿಡಿಯುವುದುಂಟು. ಆದ್ದರಿಂದ ಹುಲ್ಲುಹಾಸಿನ ಮೇಲೆ ರಾತ್ರಿಯೂಟದ ಯೋಚನೆ ಬಿಡಿ. ಮಳೆ ಬರದಿದ್ದರೂ ಇಬ್ಬನಿ, ಸೊಳ್ಳೆ ತಪ್ಪಿದ್ದಲ್ಲ.

ಇನ್ನೊಂದು ಮಾತು. ಎಲ್ಲರೂ ನಿವೃತ್ತರು, ಶನಿವಾರವೇ ಆಗಬೇಕೆಂದಿಲ್ಲ. ಭಾನುವಾರ ಮಧ್ಯಾಹ್ನ ಸೇರಿ ಮಂಗಳವಾರ ತಿಂಡಿ ಮುಗಿಸಿ ಹೊರಡುವ ಏರ್ಪಾಡು ಉತ್ತಮ. ಭಾನುವಾರ ಸಂಜೆ 7ಕ್ಕೆ ಅರಮನೆಯ ದೀಪ ನೋಡಲು ಸಿಗುತ್ತದೆ. ಸೋಮವಾರ ಕಾಲೇಜು ತೆರೆದಿರುತ್ತದೆ, ಪಾಠ ನಡೆಯುತ್ತಿರುತ್ತದೆ, ಪ್ರಾಂಶುಪಾಲರು ಇರುತ್ತಾರೆ. ಬೀಗ ಹಾಕಿದ ಕಟ್ಟಡದ ಮುಂದೆ ನಿಲ್ಲುವುದಕ್ಕಿಂತ ಹುಡುಗರು ಓಡಾಡುವ ಮೊಗಸಾಲೆಯಲ್ಲಿ ನಿಂತರೆ ಹಳೆಯದೆಲ್ಲ ತಾನಾಗಿ ನೆನಪಾಗುತ್ತದೆ.

ರೈಲಿನಲ್ಲಿ ಬರುವವರಿಗೆ ಈಗಲೇ ತಿಳಿಸಿ: ಮುಂಗಡ ಕಾಯ್ದಿರಿಸುವ ಅವಧಿ 2024ರ ನವೆಂಬರ್ 1ರಿಂದ 120ರ ಬದಲು 60 ದಿನ. ಹಿರಿಯ ನಾಗರಿಕರ ದರ ರಿಯಾಯಿತಿ 2020ರ ಮಾರ್ಚಿನಲ್ಲಿ ನಿಂತಿತು. ಆದರೆ ಕೆಳಗಿನ ಬರ್ತಿನ ಕೋಟಾ ಇದೆ. 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ. ಒಂದು ಟಿಕೆಟಿನಲ್ಲಿ ಇಬ್ಬರಿಗಿಂತ ಹೆಚ್ಚು ಜನರಿದ್ದರೆ ಆ ಕೋಟಾ ಸಿಗುವುದಿಲ್ಲ. ನಾಲ್ಕು ಗೆಳೆಯರು ಒಂದೇ ಟಿಕೆಟ್ ತೆಗೆಸಿ ಮೇಲಿನ ಬರ್ತ್ ಪಡೆಯುವುದು ಹೀಗೆಯೇ. ದಂಪತಿಗೊಂದು ಟಿಕೆಟ್ ಇರಲಿ.

ಹೆಸರಿನ ಪಟ್ಟಿ

ಕೊನೆಯ ವರ್ಷದ ಗುಂಪು ಫೋಟೋದಿಂದ ಶುರುಮಾಡಿ. ಸ್ಕ್ಯಾನ್ ಮಾಡಿಸಿ, ಪ್ರತಿ ಮುಖಕ್ಕೆ ಅಂಕಿ ಹಾಕಿ, ಗುಂಪಿನಲ್ಲಿ ಕಳಿಸಿ. ಸಿಗದವರನ್ನು ಹುಡುಕಲು ಎಲ್ಲಕ್ಕಿಂತ ಒಳ್ಳೆಯ ದಾರಿ ನಿವೃತ್ತ ನೌಕರರ ಸಂಘಗಳು. ಆ ಕಾಲದ ಹುಡುಗರು ಹೋದದ್ದು ಬಹುಪಾಲು ಲೋಕೋಪಯೋಗಿ, ನೀರಾವರಿ, ಕೆಇಬಿ, ಎಚ್‌ಎಂಟಿ, ಐಟಿಐ, ಬಿಇಎಲ್, ಎಚ್‌ಎಎಲ್‌ಗಳಿಗೆ. ಯಾವ ಇಲಾಖೆಯಲ್ಲಿದ್ದರು ಎಂಬುದು ಗೊತ್ತಾದರೆ ಪಿಂಚಣಿದಾರರ ಸಂಘದವರು ಒಂದೆರಡು ಫೋನಿನಲ್ಲಿ ಪತ್ತೆ ಕೊಡುತ್ತಾರೆ. ತರಗತಿಯಲ್ಲಿದ್ದ ಮೂರು ನಾಲ್ಕು ಹುಡುಗಿಯರ ಹೆಸರು ಮದುವೆಯ ನಂತರ ಬದಲಾಗಿರುತ್ತದೆ. ಅವರನ್ನು ತಂದೆಯ ಊರಿನ ಕಡೆಯಿಂದ ಹುಡುಕಬೇಕು.

ತೀರಿಕೊಂಡವರ ಪಟ್ಟಿಗೆ ವಾಟ್ಸಾಪಿನ ಮಾತು ನಂಬಬೇಡಿ. ಮನೆಯವರೊಬ್ಬರ ಜೊತೆ ಮಾತಾಡಿ ಖಚಿತವಾದ ಮೇಲೆಯೇ ಹೆಸರು ಸೇರಿಸಿ. ಅವರ ಹೆಂಡತಿಗೆ ಅಥವಾ ಗಂಡನಿಗೆ ಕರೆಯೋಲೆ ಹೋಗಬೇಕು, ಉಳಿದವರಿಗೆ ಹೋದ ದಿನವೇ. ಫೋನು ಮಾಡುವುದು ಆ ಮನೆಯ ಪರಿಚಯವಿದ್ದ ಸಹಪಾಠಿಯ ಹೆಂಡತಿಯಾದರೆ ಇನ್ನೂ ಒಳ್ಳೆಯದು. "ಬರ್ತೀರಾ?" ಎಂದು ಕೇಳಿದರೆ "ನಾನೊಬ್ಬಳೇ ಬಂದು ಏನು ಮಾಡ್ಲಿ" ಎನ್ನುತ್ತಾರೆ. "ನಾವು ಬೆಳಗ್ಗೆ ಹತ್ತಕ್ಕೆ ನಿಮ್ಮ ಮನೆ ಮುಂದೆ ಬರ್ತೀವಿ, ಒಟ್ಟಿಗೆ ಹೋಗೋಣ, ಕೋಣೆಯಲ್ಲೂ ಜೊತೆಗಿರೋಣ" ಎಂದರೆ ಬರುತ್ತಾರೆ.

ಹಣ

ಖರ್ಚನ್ನು ಎರಡು ಭಾಗ ಮಾಡಿ. ತಲೆಗಿಷ್ಟು ಎಂದು ಬೀಳುವ ಊಟ, ಕಾಫಿ ಒಂದು ಭಾಗ. ಎಷ್ಟೇ ಜನ ಬಂದರೂ ಬದಲಾಗದ ಸಭಾಂಗಣ, ಮೈಕು, ಫೋಟೋ, ವಾಹನ ಇನ್ನೊಂದು. ಎಡವಟ್ಟಾಗುವುದು ಎರಡನೆಯದರಲ್ಲಿ. ಲೆಕ್ಕಕ್ಕೆಂದು ಆ ಖರ್ಚು 1,20,000 ರೂಪಾಯಿ ಎಂದಿಟ್ಟುಕೊಳ್ಳಿ. 60 ಜನಕ್ಕೆ ಹಂಚಿದರೆ ತಲೆಗೆ 2,000. ಆದರೆ ಕೊನೆಯ ಹದಿನೈದು ದಿನದಲ್ಲಿ ಒಬ್ಬರ ಮಂಡಿ, ಇನ್ನೊಬ್ಬರ ಆಸ್ಪತ್ರೆ, ಮತ್ತೊಬ್ಬರ ಮಗಳ ಬಾಣಂತನ ಎಂದು ಜನ ಕಳಚುತ್ತಾರೆ. 44 ಜನರೇ ಬರುವುದೆಂದು ಹಿಡಿದು 2,730 ತೆಗೆದುಕೊಳ್ಳಿ. ಉಳಿದರೆ ವಾಪಸು ಕೊಡುವುದು ಸುಲಭ, ಕಡಿಮೆಯಾದರೆ ಮತ್ತೆ ಕೇಳುವುದು ಕಷ್ಟ. ಕೋಣೆಯ ಬಾಡಿಗೆಯನ್ನು ಇದರಲ್ಲಿ ಸೇರಿಸಬೇಡಿ. ಅವರವರು ನೇರವಾಗಿ ಹೋಟೆಲಿಗೇ ಕಟ್ಟಲಿ.

ಒಂದೇ ಬೆಂಚಿನಲ್ಲಿ ಕೂತವರ ಪಿಂಚಣಿ ಒಂದೇ ಆಗಿರುವುದಿಲ್ಲ ಎಂಬುದನ್ನು ಮನಸ್ಸಿನಲ್ಲಿಡಿ. ಸರ್ಕಾರಿ ಇಲಾಖೆಯಿಂದ ನಿವೃತ್ತರಾದವರಿಗೆ ತುಟ್ಟಿಭತ್ಯೆ ಸಹಿತ ಪಿಂಚಣಿ. ಕಾರ್ಖಾನೆಗಳಲ್ಲಿದ್ದ ಎಷ್ಟೋ ಜನಕ್ಕೆ ಭವಿಷ್ಯನಿಧಿಯ ನೌಕರರ ಪಿಂಚಣಿ ಯೋಜನೆಯಾದ ಇಪಿಎಸ್-95ರ ಪಿಂಚಣಿ. ಅದರ ಕನಿಷ್ಠ ಮೊತ್ತವನ್ನು 2014ರಲ್ಲಿ ತಿಂಗಳಿಗೆ 1,000 ರೂಪಾಯಿಗೆ ನಿಗದಿ ಮಾಡಿದರು. ಆದ್ದರಿಂದ ಯಾರು ಎಷ್ಟು ಕೊಟ್ಟರು ಎಂಬ ಪಟ್ಟಿಯನ್ನು ಗುಂಪಿನಲ್ಲಿ ಹಾಕಲೇಬಾರದು. "ಕಷ್ಟವಿದ್ದರೆ ನನಗೊಬ್ಬನಿಗೆ ಹೇಳಿ" ಎನ್ನಬಲ್ಲ, ಬಾಯಿ ಬಿಗಿಯಿರುವ ಒಬ್ಬ ಖಜಾಂಚಿ ಇರಲಿ. ಅನುಕೂಲವಿದ್ದವರು ಹೆಸರಿಲ್ಲದೆ ಹೆಚ್ಚು ಕೊಟ್ಟದ್ದು ಅಲ್ಲಿಗೆ ಸೇರಲಿ.

ಜಾಗ ನೋಡಲು ಹೋದಾಗ

ಮಂಡಿ ನೋವಿರುವ ಒಬ್ಬರನ್ನೂ ಶ್ರವಣ ಸಾಧನ ಹಾಕುವ ಒಬ್ಬರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಅವರು ಐದು ನಿಮಿಷದಲ್ಲಿ ಹೇಳುವುದನ್ನು ಉಳಿದವರು ಇಡೀ ದಿನ ನೋಡಿದರೂ ಕಾಣಲಾರರು.

ಕುರ್ಚಿಗೆ ಕೈ ಇರಬೇಕು, ಕೂರುವ ಎತ್ತರ 18 ಅಂಗುಲಕ್ಕೆ ಕಡಿಮೆ ಇರಬಾರದು. ತಗ್ಗಾದ ಸೋಫಾದಲ್ಲಿ ಕೂತವರು ಏಳಲು ಇಬ್ಬರು ಕೈ ಕೊಡಬೇಕಾಗುತ್ತದೆ. ಆ ಮುಜುಗರಕ್ಕೆ ಅವರು ಮತ್ತೆ ಕೂರುವುದೇ ಇಲ್ಲ. ಶೌಚಾಲಯ ಸಭಾಂಗಣದ ಅದೇ ಅಂತಸ್ತಿನಲ್ಲಿರಲಿ, ಕಮೋಡ್ ಇರಲಿ, ಪಕ್ಕದಲ್ಲಿ ಹಿಡಿಯಲು ಸರಳು ಇರಲಿ. ಲಿಫ್ಟಿಗೆ ಜನರೇಟರ್ ಇದೆಯೇ ಎಂದು ಕೇಳಿ ಬಿಡಬೇಡಿ, ಮೇನ್ ಆರಿಸಿ ತೋರಿಸಲು ಹೇಳಿ. ಕೋಣೆಯಲ್ಲಿ ಇನ್ಸುಲಿನ್ ಇಡಲು ಚಿಕ್ಕ ಫ್ರಿಜ್ ಬೇಕು. ಉಸಿರಾಟದ ಸಿಪ್ಯಾಪ್ ಯಂತ್ರ ಬಳಸುವವರಿಗೆ ಹಾಸಿಗೆಯ ಪಕ್ಕದಲ್ಲೇ ಪ್ಲಗ್ ಬೇಕು.

ಸದ್ದಿನ ವಿಷಯ ಬಹಳ ಮುಖ್ಯ. ವಯಸ್ಸಾದಂತೆ ಮೊದಲು ಮಂದವಾಗುವುದು ತಾರಕ ಸ್ವರಗಳ ಕೇಳುವಿಕೆ. ಸ, ತ, ಫ, ಕಗಳಂಥ ವ್ಯಂಜನಗಳು ಕರಗಿ, ಯಾರೋ ಮಾತಾಡುತ್ತಿದ್ದಾರೆ ಎಂಬುದು ತಿಳಿದರೂ ಏನೆಂದು ತಿಳಿಯುವುದಿಲ್ಲ. ಟೈಲ್ಸ್ ಹಾಸಿದ, ಬರಿಗೋಡೆಯ ದೊಡ್ಡ ಹಾಲಿನಲ್ಲಿ ಅರವತ್ತು ಜನ ಒಟ್ಟಿಗೆ ಮಾತಾಡಿದರೆ ಶ್ರವಣ ಸಾಧನ ಆ ಗದ್ದಲವನ್ನೂ ಸೇರಿಸಿಯೇ ಎತ್ತಿಕೊಡುತ್ತದೆ. ಹಾಗಾಗಿ ನೆಲಕ್ಕೆ ಜಮಖಾನ, ಕಿಟಕಿಗೆ ದಪ್ಪ ಪರದೆ ಇರುವ ಚಿಕ್ಕ ಹಾಲು ಹಿಡಿಯಿರಿ. ಎಂಟೆಂಟು ಜನರ ದುಂಡು ಮೇಜು ಹಾಕಿಸಿ. ಊಟ, ಹರಟೆಯ ಹೊತ್ತಿನಲ್ಲಿ ಹಿನ್ನೆಲೆ ಸಂಗೀತ ಪೂರ್ತಿ ಬೇಡ, ಹಳೆಯ ಚಿತ್ರಗೀತೆಯಾದರೂ ಬೇಡ. ಹಾಡು ಬೇಕೆನಿಸಿದರೆ ಅದಕ್ಕೇ ಅರ್ಧ ಗಂಟೆ ಇಟ್ಟು ಎಲ್ಲರೂ ಕೂತು ಕೇಳಿ. ವೇದಿಕೆ ಕೂಡ ಬೇಡ. ಮೆಟ್ಟಿಲು ಹತ್ತಿಳಿಯುವಾಗಲೇ ಜನ ಬೀಳುವುದು. ಮೈಕು ಕೈಯಿಂದ ಕೈಗೆ ಹೋಗಲಿ.

ಪ್ರವಾಸಕ್ಕೆ ಒಂದೇ ಜಾಗ ಸಾಕು. ಅರಮನೆಯ ಒಳಗೆ ಹೋಗಲು ಚಪ್ಪಲಿ ಬಿಡಬೇಕು, ಮಹಡಿ ಹತ್ತಬೇಕು. ಮಧುಮೇಹದಿಂದ ಪಾದದ ಸ್ಪರ್ಶ ಕಳೆದುಕೊಂಡವರಿಗೆ ಬರಿಗಾಲು ಅಪಾಯ, ದಪ್ಪ ಕಾಲುಚೀಲ ತರಲು ಹೇಳಿ. ಇದರ ಬದಲು ಭಾನುವಾರ ಸಂಜೆ 6:45ಕ್ಕೆ ಹೋಗಿ ಹೊರ ಆವರಣದಲ್ಲಿ ದೀಪ ಹತ್ತುವುದನ್ನು ನೋಡಿ ಬರುವುದು ನೆಮ್ಮದಿ. ಚಾಮುಂಡಿ ಬೆಟ್ಟಕ್ಕೆ ವಾಹನದಲ್ಲೇ ಹೋಗಿ. ಸಾವಿರ ಮೆಟ್ಟಿಲನ್ನು ಹುಡುಗರಾಗಿದ್ದಾಗ ಹತ್ತಿದ್ದೇ ಸಾಕು. ರಂಗನತಿಟ್ಟಿನಲ್ಲಿ ದೋಣಿ ಚೆನ್ನ, ದೋಣಿಗೆ ಕಾಲಿಡುವ ಆ ಒಂದು ಹೆಜ್ಜೆ ಮಾತ್ರ ಕಷ್ಟ.

ಆರು ವಾರ ಮುಂಚೆ: ನಮೂನೆ ಮತ್ತು ಬ್ಯಾಡ್ಜು

ಒಂದು ಪುಟದ ನಮೂನೆ ಕಳಿಸಿ: ಊಟದ ಪಥ್ಯ, ಸಹಾಯ ಬೇಕಾದ ಸಂಗತಿ, ತೆಗೆದುಕೊಳ್ಳುವ ಔಷಧಿ, ಅಲರ್ಜಿ. ತುರ್ತಿಗೆ ಯಾರಿಗೆ ಫೋನು ಮಾಡಬೇಕು ಎಂಬಲ್ಲಿ ಎಲ್ಲರೂ ಹೆಂಡತಿಯ ಅಥವಾ ಗಂಡನ ಸಂಖ್ಯೆ ಬರೆಯುತ್ತಾರೆ. ಅವರು ಪಕ್ಕದಲ್ಲೇ ಇರುತ್ತಾರೆ. ಮಗನದೋ ಮಗಳದೋ ನೆರೆಮನೆಯವರದೋ ಸಂಖ್ಯೆ ಬೇಕೆಂದು ದಪ್ಪಕ್ಷರದಲ್ಲಿ ಬರೆಯಿರಿ. ತುಂಬಿದ ನಮೂನೆ ಅಂಟಿಸಿದ ಲಕೋಟೆಯಲ್ಲಿರಲಿ, ಮೇಲೆ ಹೆಸರಿರಲಿ, ಅಗತ್ಯ ಬಿದ್ದರಷ್ಟೇ ಒಡೆಯಿರಿ, ಕೊನೆಯ ದಿನ ಹಿಂದಿರುಗಿಸಿ. ಮರೆವಿನ ಕಾಯಿಲೆಯವರನ್ನು ಕರೆತರುವವರಿಗೆ ಪಕ್ಕದಲ್ಲೊಂದು ಶಾಂತ ಕೋಣೆ ಕೊಡಿ, ಅವರ ಬ್ಯಾಡ್ಜಿನ ಹಿಂದೆ ಒಂದು ಫೋನ್ ಸಂಖ್ಯೆ ಬರೆದಿಡಿ.

ಬ್ಯಾಡ್ಜು ಸಣ್ಣ ವಿಷಯವಲ್ಲ. ಐವತ್ತು ವರ್ಷದ ಮೇಲೆ ಮುಖ ಗುರುತು ಸಿಗುವುದಿಲ್ಲ, ಕನ್ನಡಕ ಏರಿಸಿ ಹೆಸರು ಓದುವಾಗ ಎದುರಿನವರು ಕಾಯುತ್ತಿರುತ್ತಾರೆ. ಹೆಸರಿನ ಅಕ್ಷರ ಒಂದು ಸೆಂಟಿಮೀಟರ್ ಎತ್ತರವಿರಲಿ. ಪಕ್ಕದಲ್ಲಿ ಕಾಲೇಜಿನ ಕಾಲದ ಫೋಟೋ. ದಾರ ಕಟ್ಟಿ ಕೊರಳಿಗೆ ಹಾಕುವ ಬ್ಯಾಡ್ಜು ಹೊಟ್ಟೆಯ ಮೇಲೆ ಜೋತು ಬೀಳುತ್ತದೆ, ತಿರುಗಿಯೂ ಬಿಡುತ್ತದೆ. ಹಾಕಲೇಬೇಕಿದ್ದರೆ ಎರಡೂ ಬದಿ ಅಚ್ಚುಮಾಡಿಸಿ. ಬಲ ಎದೆಗೆ ಪಿನ್ನು ಹಾಕುವುದು ಒಳ್ಳೆಯದು. ಸೀರೆಯ ಸೆರಗು ಎಡಭುಜದ ಮೇಲೆ ಬರುವುದರಿಂದ ಬಲಗಡೆ ಮುಚ್ಚಿಹೋಗುವುದಿಲ್ಲ. ಅಯಸ್ಕಾಂತದ ಬ್ಯಾಡ್ಜು ಖಂಡಿತ ಬೇಡ. ಪೇಸ್‌ಮೇಕರ್ ಇರುವವರ ಎದೆಗೆ ಅಯಸ್ಕಾಂತ ತಾಗಬಾರದು. ಯಾರಿಗೆ ಅದಿದೆ ಎಂಬುದು ಹೊರಗಿನಿಂದ ಕಾಣುವುದಿಲ್ಲ.

ಜೊತೆಗಾರರ ಬ್ಯಾಡ್ಜಿನಲ್ಲಿ ಅವರ ಸ್ವಂತ ಹೆಸರು, ಅಷ್ಟೇ ದೊಡ್ಡ ಅಕ್ಷರ. "ಶ್ರೀಮತಿ ಇಂಥವರು" ಎಂದು ಗಂಡನ ಹೆಸರಿನಲ್ಲಿ ಬರೆಯಬೇಡಿ. ಕೆಳಗೆ ಅವರ ಹುಟ್ಟೂರು ಮತ್ತು ಅವರು ಮಾಡಿದ ಕೆಲಸ: "ಸಾಗರ, ಹೈಸ್ಕೂಲ್ ಗಣಿತ ಟೀಚರ್". ಮಾತು ಶುರುವಾಗಲು ಆ ಒಂದು ಸಾಲು ಸಾಕು. ಸಾಗರದವರೊಬ್ಬರು ಹುಡುಕಿಕೊಂಡು ಬರುತ್ತಾರೆ.

ಊಟ

ಮಧ್ಯಾಹ್ನದ ಊಟ ಎಲೆ ಹಾಕಿ ಬಡಿಸಿಯೇ ಆಗಲಿ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವುದು ಆಗದ ಮಾತು. 60 ಜನಕ್ಕೆ ಅಕ್ಕಿ 5 ಕಿಲೋ, ಹುಳಿಗೆ ತೊಗರಿಬೇಳೆ 1.8 ಕಿಲೋ, ತರಕಾರಿ ಒಟ್ಟು 9 ಕಿಲೋ ಸಾಕು. ಅಡುಗೆಯವರು ಮದುವೆಯ ಅಳತೆ ಹೇಳುತ್ತಾರೆ. ವಯಸ್ಸು ಹೇಳಿ ಕಡಿಮೆ ಮಾಡಿಸಿ. ಉಪ್ಪು ಕಡಿಮೆ ಹಾಕಿಸಿ, ಎಲೆಯ ತುದಿಗೆ ಉಪ್ಪು ಬಡಿಸುವ ನಮ್ಮ ಪದ್ಧತಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ಸಿಹಿ ಒಂದೇ, ಅರ್ಧ ಗಾತ್ರದ್ದು.

ಈ ಕಾಲದಲ್ಲಿ ಚಾತುರ್ಮಾಸ್ಯದ ದ್ವಿದಳ ವ್ರತ ಹಿಡಿದವರು ಇರುತ್ತಾರೆ. ಆಶ್ವಯುಜ ಶುದ್ಧ ದ್ವಾದಶಿಯಿಂದ ಕಾರ್ತಿಕ ಶುದ್ಧ ಏಕಾದಶಿಯವರೆಗೆ ಅವರಿಗೆ ಬೇಳೆ ಕಾಳು ವರ್ಜ್ಯ. ಹುಳಿ, ಕೋಸಂಬರಿ, ಕಡಲೆಬೇಳೆ ರುಬ್ಬಿ ಹಾಕಿದ ಮಜ್ಜಿಗೆಹುಳಿ ಯಾವುದೂ ನಡೆಯದು. ಒಗ್ಗರಣೆಯ ಉದ್ದಿನಬೇಳೆಯೂ ನಡೆಯದು. ನಮೂನೆಯಲ್ಲೇ ಕೇಳಿಕೊಂಡು ಅಷ್ಟು ಜನಕ್ಕೆ ಬೇರೆ ಒಲೆಯಲ್ಲಿ ಮಾಡಿಸಿ. ಬೆಳ್ಳುಳ್ಳಿ, ಈರುಳ್ಳಿ ಇಲ್ಲದ್ದು ಒಂದು ಸಾಲು ಪ್ರತ್ಯೇಕ ಇರಲಿ.

ಫಿಲ್ಟರ್ ಕಾಫಿಗೆ ಒಂದು ಸರದಿಗೆ, 60 ಸಣ್ಣ ಲೋಟಕ್ಕೆ, ಹಾಲು 4 ಲೀಟರ್, ಪುಡಿ 500ರಿಂದ 600 ಗ್ರಾಂ. ಸಕ್ಕರೆ ಬೇರೆ ಬಟ್ಟಲಿನಲ್ಲಿ.

ಊಟದ ಗಂಟೆ 12:45 ಎಂದರೆ 12:45. ಭಾಷಣ ಉದ್ದವಾಯಿತೆಂದು ಒಂದೂವರೆಗೆ ದೂಡಿದರೆ, ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚಿಕೊಂಡವರಿಗೆ ಸಕ್ಕರೆ ಅಂಶ ಕುಸಿಯುತ್ತದೆ. ಬೆವರು, ಕೈನಡುಕ, ತೊದಲು ಮಾತು ಕಂಡರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕೊಡಿ; ಹದಿನೈದು ನಿಮಿಷಕ್ಕೆ ಮತ್ತೆ ನೋಡಿ. ನುಂಗಲಾರದ ಸ್ಥಿತಿಯಲ್ಲಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನು ಮಾಡಿ.

ಸೋಮವಾರದ ದಿನಚರಿ

ತಿಂಡಿ 8ಕ್ಕೆ. 9:30ಕ್ಕೆ ಕಾಲೇಜು, ಒಂದು ತರಗತಿ, ಒಂದು ಕಾರ್ಯಾಗಾರ, ಇಷ್ಟೇ. ಪ್ರಾಂಶುಪಾಲರಿಗೆ ತಿಂಗಳ ಮುಂಚೆ ಪತ್ರ ಕೊಟ್ಟು ನೆಲಮಹಡಿಯ ಕೋಣೆಯನ್ನೇ ಕೇಳಿ.

ಗುಂಪು ಫೋಟೋ ಅಲ್ಲೇ, ನೆರಳಿರುವ ಮೊಗಸಾಲೆಯಲ್ಲಿ. ಬಿಸಿಲಿನಲ್ಲಿ ತೆಗೆದರೆ ಬಣ್ಣ ಬದಲಿಸುವ ಕನ್ನಡಕಗಳೆಲ್ಲ ಕಪ್ಪಾಗಿ ಅರ್ಧ ಜನರ ಕಣ್ಣೇ ಕಾಣುವುದಿಲ್ಲ. ಹಿಂದಿನ ಸಾಲಿಗೆ ಬೆಂಚು ಹಾಕಿ ಹತ್ತಿಸುವುದು ಬೇಡ. ಎಲ್ಲರೂ ನೆಲದಲ್ಲೇ ಇರಲಿ, ಫೋಟೋದವರು ಮೊದಲ ಮಹಡಿಯಿಂದಲೋ ಏಣಿಯಿಂದಲೋ ತೆಗೆಯಲಿ. ಮೊದಲು ದಂಪತಿಗಳ ಫೋಟೋ, ಆಮೇಲೆ 1976ರ ಕ್ರಮದಲ್ಲಿ ಸಹಪಾಠಿಗಳದ್ದು. ತಿರುಗುಮುರುಗಾದರೆ ಜೊತೆಗಾರರು ಅರ್ಧ ಗಂಟೆ ನಿಂತು ನೋಡಬೇಕಾಗುತ್ತದೆ.

11ಕ್ಕೆ ಹಾಲಿಗೆ ಹಿಂದಿರುಗಿ ತೀರಿಕೊಂಡವರ ಸ್ಮರಣೆ. ಇದನ್ನು ರಾತ್ರಿಗೆ ಇಡಬೇಡಿ. ಆ ಭಾರ ಹೊತ್ತು ಯಾರೂ ನಿದ್ದೆ ಮಾಡುವುದಿಲ್ಲ. ಹೆಸರು ಅಕಾರಾದಿಯಾಗಿ, ಫೋಟೋ ಒಂದೇ ಅಳತೆ, ಪ್ರತಿ ಹೆಸರಿಗೆ ಎರಡು ಸಾಲು. ನಂತರ ಗುರುಗಳು. ತೊಂಬತ್ತರ ಹತ್ತಿರವಿರುವ ಮೇಷ್ಟ್ರಿಗೆ ಕಾರು ಕಳಿಸಿ, ಮೊದಲು ಅವರೇ ಮಾತಾಡಲಿ, ಶಾಲು ಹೊದಿಸಿ ಊಟ ಮಾಡಿಸಿ ಕಳಿಸಿ. ಬರಲಾಗದವರ ಮನೆಗೆ ಭಾನುವಾರ ಸಂಜೆಯೇ ಇಬ್ಬರು ಹೋಗಿ ಬನ್ನಿ.

ಮಂಗಳವಾರ ಬೀಳ್ಕೊಡುವಾಗ ಅರಿಶಿನ ಕುಂಕುಮದ ತಟ್ಟೆ ಹಿಡಿದು ನಿಲ್ಲುವ ಏರ್ಪಾಡು ಬೇಡ. ಒಬ್ಬರೇ ಬಂದ ಹೆಂಗಸರ ಮುಂದೆ ಆ ತಟ್ಟೆ ಒಂದು ಕ್ಷಣ ತಡೆಯುತ್ತದೆ. ಆ ಒಂದು ಕ್ಷಣಕ್ಕೆ ಹೆದರಿಯೇ ಎಷ್ಟೋ ಜನ ಕೂಟಕ್ಕೆ ಬರುವುದಿಲ್ಲ. ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು, ಮೈಸೂರು ಮಲ್ಲಿಗೆ ಹಾಕಿದ ಒಂದೇ ಬಗೆಯ ಚೀಲ ಎಲ್ಲರಿಗೂ, ಗಂಡಸರಿಗೂ ಕೊಡಿ.

2ರಿಂದ 4 ಏನೂ ಇಲ್ಲ. ಬಹಳ ಜನ ಸಂಘಟಕರು ಈ ಎರಡು ಗಂಟೆಯನ್ನು ತುಂಬಲು ಹವಣಿಸುತ್ತಾರೆ. ಬಿಟ್ಟುಬಿಡಿ. ಮಲಗುವವರು ಮಲಗಲಿ, ಉಳಿದವರು ಮೊಗಸಾಲೆಯಲ್ಲಿ ಕೂತು ಮಾತಾಡಲಿ. ಐವತ್ತು ವರ್ಷದ ಮಾತು ಹೊರಬರುವುದು ಅಲ್ಲೇ.

4:30ಕ್ಕೆ ದಂಪತಿಗಳ ಸರದಿ, ತಲಾ ನಾಲ್ಕು ನಿಮಿಷ. 22 ದಂಪತಿಗೆ ಒಂದೂವರೆ ಗಂಟೆ, ನಡುವೆ ಒಂದು ವಿರಾಮ. ಮೊದಲ ಎರಡು ನಿಮಿಷ ಜೊತೆಗಾರರದು. ಪ್ರಶ್ನೆಯನ್ನು ಮೂರು ವಾರ ಮುಂಚೆ ಬರೆದು ಕಳಿಸಿ: "ನಿಮ್ಮ ಬದುಕಿನ ಯಾವ ಕೆಲಸ ನಿಮಗೆ ಇಷ್ಟ?" ಮುಂಚೆ ತಿಳಿಸದಿದ್ದರೆ "ನನಗೇನು ಗೊತ್ತು, ಅವರೇ ಹೇಳ್ತಾರೆ" ಎಂದು ಮೈಕು ಕೈ ಬದಲಾಗುತ್ತದೆ. ಸಹಪಾಠಿನಿಯರ ಗಂಡಂದಿರನ್ನು ಮರೆಯಬೇಡಿ. ಇಬ್ಬರು ಮೂವರೇ ಇರುವುದರಿಂದ ಎಲ್ಲರಿಗಿಂತ ಒಂಟಿಯಾಗುವವರು ಅವರು. ಅವರ ಮೇಜಿನಲ್ಲಿ ಆಸಕ್ತಿ ಹೊಂದುವ ಒಬ್ಬರನ್ನು ಕೂರಿಸಿ. "ಮಹಿಳೆಯರಿಗೆ ಸೀರೆ ಅಂಗಡಿ ಪ್ರವಾಸ" ಎಂದು ಬೇರೆ ಮಾಡಿದರೆ ಇವರು ಅಲ್ಲಿಗೂ ಸೇರುವುದಿಲ್ಲ, ಇಲ್ಲಿಗೂ ಸೇರುವುದಿಲ್ಲ.

ಮಾತಾಡಲು ಸಂಕೋಚ ಪಡುವವರಿಗಾಗಿ ಒಂದು ಮೇಜು ಇಡಿ. ಮನೆಯಿಂದ ಒಂದೊಂದು ಹಳೆಯ ವಸ್ತು ತರಲು ಹೇಳಿ, ಜೊತೆಗಾರರೂ ತರಲಿ: ಮೊದಲ ಸಂಬಳದ ಎಚ್‌ಎಂಟಿ ವಾಚು, ಟಿ-ಸ್ಕ್ವೇರು, ಲಗ್ನಪತ್ರಿಕೆ. ಕ್ಯಾಲ್ಕುಲೇಟರ್ ಬರುವ ಮುಂಚೆ ಲೆಕ್ಕಕ್ಕೆ ಬಳಸುತ್ತಿದ್ದ ಸ್ಲೈಡ್ ರೂಲು ಯಾರಾದರೂ ತಂದೇ ತರುತ್ತಾರೆ. ಇದರಲ್ಲಿ ಗುಣಿಸುವುದು ಹೇಗೆ ಎಂದು ಯಾರದೋ ಹೆಂಡತಿ ಕೇಳುತ್ತಾರೆ. ಕೈಯಲ್ಲಿ ಹಿಡಿದವರು ನಡುವಿನ ಪಟ್ಟಿಯನ್ನು ಜಾರಿಸಿ, ಅದರ 1ನ್ನು ಕೆಳಗಿನ ಮಾಪಕದ 2ರ ಮೇಲೆ ತಂದು, ಪಟ್ಟಿಯ 3ರ ಕೆಳಗೆ ಬೆರಳಿಡುತ್ತಾರೆ: 6. ಸುತ್ತ ನಿಂತವರು ಬಗ್ಗಿ ನೋಡುತ್ತಾರೆ. ಕೋಣೆಯಲ್ಲಿ ಯಾರೂ ಹೊರಗಿನವರಾಗಿ ಉಳಿಯದ ಹೊತ್ತು ಅದು. ಆ ಮೇಜಿಗೆ ಬೆಳಕು ಚೆನ್ನಾಗಿರಲಿ, ಸುತ್ತ ಆರು ಕುರ್ಚಿ ಇರಲಿ, ಪಕ್ಕದಲ್ಲೊಂದು ಭೂತಗನ್ನಡಿ ಇರಲಿ.

ರಾತ್ರಿಯೂಟ 7:30ಕ್ಕೆ, ಹಗುರವಾದದ್ದು. ಗುಂಡು ಹಾಕುವವರು ಇದ್ದರೆ ಅವರ ಕೋಣೆಯಲ್ಲಿ, ಊಟಕ್ಕೆ ಮುಂಚೆ, ಮಾತ್ರೆಗಳ ಬಗ್ಗೆ ತಮ್ಮ ವೈದ್ಯರನ್ನು ಕೇಳಿಕೊಂಡು. 9ಕ್ಕೆ ಹಾಲಿನ ದೀಪ ಆರಿಸಿ.

ಯಾರಾದರೂ ಕುಸಿದರೆ

ಹೋಟೆಲಿನಿಂದ ಹತ್ತಿರದ ಆಸ್ಪತ್ರೆಗೆ ಸಂಜೆಯ ವಾಹನ ದಟ್ಟಣೆಯಲ್ಲಿ ಒಮ್ಮೆ ಕಾರು ಓಡಿಸಿ ನೋಡಿ, ಎಷ್ಟು ನಿಮಿಷವಾಯಿತೆಂದು ಬರೆದಿಡಿ. ಹೃದಯಕ್ಕೆ ಸಂಬಂಧಿಸಿದ್ದಕ್ಕೆ ಜಯದೇವ ಸಂಸ್ಥೆಯ ಆಸ್ಪತ್ರೆ ಮೈಸೂರಿನಲ್ಲೇ ಇದೆ. ಒಂದು ಕಾರು, ಒಬ್ಬ ಚಾಲಕ ಎರಡೂ ರಾತ್ರಿ ಹೋಟೆಲಿನಲ್ಲೇ ಇರಲಿ. ರೋಗಿಯ ಜೊತೆ ಒಬ್ಬರು ಹೋಗುವುದಾದರೆ ಜೊತೆಗಾರರ ಪಕ್ಕದಲ್ಲಿ ಕೂರಲು ಇನ್ನೊಬ್ಬರು ಹೋಗಬೇಕು. ಇದನ್ನು ಮೊದಲೇ ಹೆಸರಿಟ್ಟು ಹಂಚಿಕೊಳ್ಳಿ.

ಮುಗಿದ ಮೇಲೆ

ಹತ್ತು ದಿನದೊಳಗೆ ಲೆಕ್ಕ, ಉಳಿದ ಹಣ ವಾಪಸು. ಫೋಟೋಗಳ ಲಿಂಕು ಎಲ್ಲರಿಗೂ ತೆರೆಯುವುದಿಲ್ಲ. ಗುಂಪು ಫೋಟೋವನ್ನು ಎಂಟು ಅಂಗುಲಕ್ಕೆ ಹನ್ನೆರಡು ಅಂಗುಲದಲ್ಲಿ ಅಚ್ಚು ಹಾಕಿಸಿ, ಹಿಂದುಗಡೆ ಹೆಸರುಗಳನ್ನು ಸಾಲಾಗಿ ಬರೆದು, ಅಂಚೆಯಲ್ಲಿ ಕಳಿಸಿ. ಬರಲಾಗದವರಿಗೂ ಒಂದು ಪ್ರತಿ ಹೋಗಲಿ. ಫೋನ್ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಅದರೊಳಗಿಡಿ, ಜೊತೆಗಾರರ ಸಂಖ್ಯೆಯೂ ಅದರಲ್ಲಿರಲಿ.